ಕೂಸು ಯಾವಾಗ ಏನು ಮಾಡ್ತದ?



ಕೂಸು ಇರುವ ಮನೆಗೆ ಯಾರೇ ಬರಲಿ, ಒಂದು ಮಾತು ಕೇಳಿಯೇ ಕೇಳುತ್ತಾರೆ.

"ಇನ್ನಾ ಬೋರಲು ಬಿದ್ದಿಲ್ಲೇನು?"

"ನಮ್ಮ ಹುಡುಗ ಎಂಟು ತಿಂಗಳಿಗೇ ನಿಂತಿದ್ದ. ನಿಮ್ಮದು ಇನ್ನಾ ಕುಂತಿಲ್ಲ?"

ನಳದ ಹತ್ತಿರ, ಹೊಲದ ಬದುವಿನ ಮೇಲೆ, ಸಂತೆಯಲ್ಲಿ ಇದೇ ಮಾತು. ಕೇಳಿದ ತಾಯಿಯ ಎದೆ ಝಲ್ ಅನ್ನುತ್ತದೆ. ಮನೆಗೆ ಬಂದು ಅತ್ತೆಗೆ ಹೇಳಿದರೆ ಅತ್ತೆ ಅಂತಾಳೆ, "ಏನೂ ಆಗಲ್ಲ ಬಿಡವ್ವ. ಅವರಪ್ಪನೂ ತಡಾನೇ ನಡೆದಿದ್ದ."

ಯಾರ ಮಾತು ಖರೆ? ಬಹಳ ಸಲ ಅತ್ತೆಯ ಮಾತೇ ಖರೆ. ಕೂಸುಗಳು ಒಂದೇ ಅಚ್ಚಿನಲ್ಲಿ ಮಾಡಿದ ಇಟ್ಟಿಗೆ ಅಲ್ಲ. ಒಂದು ಬೇಗ ನಡೆಯುತ್ತದೆ, ಒಂದು ಬೇಗ ಮಾತಾಡುತ್ತದೆ. ಆದರೆ ಕೆಲವು ಸಲ ತಡವಾಗುವುದಕ್ಕೆ ಒಳಗೆ ಕಾರಣ ಇರುತ್ತದೆ. ಕಿವಿ ಕೇಳದೆ ಇರಬಹುದು. ಕಣ್ಣು ಕಾಣದೆ ಇರಬಹುದು. ರಕ್ತ ಕಡಿಮೆ ಇರಬಹುದು. ಅಂಥ ಕೂಸಿಗೆ "ಏನೂ ಆಗಲ್ಲ ಬಿಡು" ಎಂದು ಎರಡು ವರ್ಷ ಕಳೆದರೆ ಆ ಎರಡು ವರ್ಷ ತಿರುಗಿ ಬರುವುದಿಲ್ಲ. ಹುಟ್ಟಿದ ಮೊದಲ ಎರಡು ಮೂರು ವರ್ಷದಲ್ಲಿ ಮಿದುಳು ಬೆಳೆದಷ್ಟು ಜೋರಾಗಿ ಮುಂದೆ ಯಾವಾಗಲೂ ಬೆಳೆಯುವುದಿಲ್ಲ.

ಸುಮ್ಮನೆ ಕಾಯುವ ತಡ ಯಾವುದು, ದವಾಖಾನೆಗೆ ಹೋಗಬೇಕಾದ ತಡ ಯಾವುದು? ಇದನ್ನೇ ಇಲ್ಲಿ ನೋಡೋಣ.

ಮೊದಲು ಕೂಸಿನ ವಯಸ್ಸು ತಿಳಿಯಬೇಕು

"ಕೂಸಿಗೆ ಎಷ್ಟು ತಿಂಗಳು?" ಎಂದು ಕೇಳಿದರೆ ನಮ್ಮ ಕಡೆ ಉತ್ತರ ಹೀಗೆ ಬರುತ್ತದೆ. "ಎಳ್ಳ ಅಮಾವಾಸ್ಯೆ ಮುಂದ ಹುಟ್ಟ್ಯಾದ." "ತೊಗರಿ ರಾಶಿ ಮಾಡಾಗ ಹುಟ್ಟ್ಯಾನ." ಹಬ್ಬ ಹಿಡಿದು ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಅಮಾವಾಸ್ಯೆ ಒಂದು ವರ್ಷ ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಯಲ್ಲಿ ಬರುತ್ತದೆ. ಸಣ್ಣ ಕೂಸಿಗೆ ಒಂದು ತಿಂಗಳು ಎಂದರೆ ಬಹಳ ದೊಡ್ಡದು. ನಾಲ್ಕು ತಿಂಗಳ ಕೂಸು ಮಾಡುವುದನ್ನು ಮೂರು ತಿಂಗಳ ಕೂಸು ಮಾಡುವುದಿಲ್ಲ.

ಹುಟ್ಟಿದ ತಾರೀಖು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಕಾರ್ಡು ತೆಗೆದು ನೀವೇ ನೋಡಿರಿ. ಅದರಲ್ಲಿ ತೂಕದ ಪಟ್ಟಿ ಇರುತ್ತದೆ. ಹೆಣ್ಣು ಕೂಸಿಗೆ ಗುಲಾಬಿ ಬಣ್ಣದ ಪಟ್ಟಿ, ಗಂಡು ಕೂಸಿಗೆ ನೀಲಿ. ಕೂಸು ಯಾವ ವಯಸ್ಸಿಗೆ ಏನು ಮಾಡಬೇಕು ಎಂಬ ಚಿತ್ರಗಳೂ ಇರುತ್ತವೆ. ಎಷ್ಟೋ ಮನೆಗಳಲ್ಲಿ ಈ ಕಾರ್ಡು ಟ್ರಂಕಿನ ತಳದಲ್ಲಿ ಇರುತ್ತದೆ. ಸೂಜಿ ಹಾಕಿಸುವ ದಿನ ಮಾತ್ರ ಹೊರಗೆ ಬರುತ್ತದೆ. ಅದು ಕೈಗೆ ಸಿಗುವ ಕಡೆ ಇರಲಿ.

ಇನ್ನೊಂದು ಮಾತು. ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಈಗ ಆರು ತಿಂಗಳು ಎಂದುಕೊಳ್ಳಿರಿ. ಅದು ನಾಲ್ಕು ತಿಂಗಳ ಕೂಸು ಮಾಡುವುದನ್ನು ಮಾಡಿದರೆ ಸಾಕು. ಎರಡು ವರ್ಷ ಆಗುವ ತನಕ ಹೀಗೆ ಕಳೆದು ಲೆಕ್ಕ ಹಾಕಬೇಕು. ಆಮೇಲೆ ಬೇಕಿಲ್ಲ.

ಹುಟ್ಟಿದಾಗಿನಿಂದ ನಾಲ್ಕು ತಿಂಗಳು

"ಹಸಿಗೂಸಿಗೆ ಏನು ತಿಳೀತದ?" ಅಂತಾರೆ. ಬಹಳ ತಿಳಿಯುತ್ತದೆ. ಹುಟ್ಟಿದ ಕೂಸಿಗೆ ಒಂದು ಗೇಣಿನಷ್ಟು ದೂರ ಚಂದ ಕಾಣುತ್ತದೆ. ಮೊಲೆ ಕುಡಿಯುವಾಗ ತಾಯಿಯ ಮುಖ ಅಷ್ಟೇ ದೂರ ಇರುತ್ತದೆ. ತಾಯಿಯ ದನಿ ಅದಕ್ಕೆ ಹೊಟ್ಟೆಯೊಳಗೆ ಇದ್ದಾಗಿನಿಂದ ಗೊತ್ತು. ತಾಯಿಯ ವಾಸನೆಯನ್ನೂ ಹುಟ್ಟಿದ ಕೆಲವೇ ದಿನದಲ್ಲಿ ಗುರುತಿಸುತ್ತದೆ.

ನಿದ್ದೆಯಲ್ಲಿ ಕೂಸು ನಕ್ಕರೆ ದೇವರು ನಗಿಸುತ್ತಾನೆ ಅಂತಾರೆ. ಆ ನಗೆ ತಾನಾಗಿ ಬರುತ್ತದೆ. ನಾವು ಕಾಯಬೇಕಾದ ನಗೆ ಬೇರೆ. ಒಂದೂವರೆ ತಿಂಗಳಿಂದ ಎರಡು ತಿಂಗಳಿಗೆ ಕೂಸು ನಿಮ್ಮ ಮುಖ ನೋಡಿ ನಗಬೇಕು. ನೀವು ಮಾತಾಡಿಸಿದರೆ ಅದು ತಿರುಗಿ ನಗಬೇಕು. ಈ ನಗೆ ಬಂತು ಎಂದರೆ ಕೂಸಿಗೆ ಕಣ್ಣು ಕಾಣುತ್ತದೆ, ಮುಖ ತಿಳಿಯುತ್ತದೆ ಎಂದು ಅರ್ಥ. ಮೂರು ತಿಂಗಳು ಮುಗಿದರೂ ಮುಖ ನೋಡಿ ನಗದಿದ್ದರೆ ತೋರಿಸಬೇಕು.

ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುತ್ತದೆ. ಎತ್ತಿಕೊಂಡರೆ ತಲೆ ವಾಲುವುದಿಲ್ಲ. ಕೈಯನ್ನು ತಾನೇ ನೋಡಿಕೊಳ್ಳುತ್ತದೆ. "ಊಂ", "ಆ" ಎಂದು ದನಿ ತೆಗೆಯುತ್ತದೆ. ನೀವೂ ಹಾಗೆ ಅಂದರೆ ಸುಮ್ಮನಾಗಿ ಕೇಳಿ, ಮತ್ತೆ ತಾನು ಅನ್ನುತ್ತದೆ. ಇದು ಕೂಸಿನ ಮೊದಲ ಮಾತುಕತೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಕೂಸಿನ ಜೊತೆ ಮಾತಾಡಬಹುದು. ಖರ್ಚಿಲ್ಲ, ಕೆಲಸವೂ ನಿಲ್ಲುವುದಿಲ್ಲ.

ಬೋರಲು ಬೀಳುವುದು, ಕೂಡುವುದು, ನಡೆಯುವುದು

ನಾಲ್ಕರಿಂದ ಆರು ತಿಂಗಳಿಗೆ ಬಹಳ ಕೂಸುಗಳು ಬೋರಲು ಬೀಳುತ್ತವೆ. ಆಮೇಲೆ ಕೂಡುತ್ತವೆ. ಆಮೇಲೆ ಅಂಬೆಗಾಲು, ನಿಲ್ಲುವುದು, ನಡೆಯುವುದು. ಯಾವುದು ಯಾವಾಗ ಎಂದು ಒಂದೇ ತಿಂಗಳು ಹೇಳಲು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳಲ್ಲಿ ಕೂಸುಗಳನ್ನು ನೋಡಿ ಇದರ ಲೆಕ್ಕ ಹಾಕಿದರು. ಘಾನಾ, ನಾರ್ವೆ, ಓಮಾನ್, ಅಮೇರಿಕಾ, ಮತ್ತೆ ನಮ್ಮ ಭಾರತ. ನಮ್ಮ ದೇಶದ ಕೂಸುಗಳನ್ನು ದೆಹಲಿಯಲ್ಲಿ ನೋಡಿದರು. 2006ರಲ್ಲಿ ಲೆಕ್ಕ ಹೊರಗೆ ಬಂತು. ಗಟ್ಟಿಮುಟ್ಟಾದ ಕೂಸುಗಳಲ್ಲೂ ಎಷ್ಟು ಹೆಚ್ಚುಕಡಿಮೆ ಇರುತ್ತದೆ ನೋಡಿರಿ.

ಆಸರೆ ಇಲ್ಲದೆ ಕೂಡುವುದು: ಬೇಗ ಎಂದರೆ 4 ತಿಂಗಳ ಹತ್ತಿರ, ತಡ ಎಂದರೆ 9 ತಿಂಗಳು.
ತಾನೇ ನಿಲ್ಲುವುದು: 7 ತಿಂಗಳಿಂದ 17 ತಿಂಗಳ ತನಕ.
ತಾನೇ ನಡೆಯುವುದು: 8 ತಿಂಗಳಿಂದ 17-18 ತಿಂಗಳ ತನಕ.

ಎಂಟು ತಿಂಗಳಿಗೆ ನಡೆದ ಕೂಸೂ ಸರಿ, ಹದಿನೇಳು ತಿಂಗಳಿಗೆ ನಡೆದ ಕೂಸೂ ಸರಿ. ಬೇಗ ನಡೆದ ಕೂಸು ಹೆಚ್ಚು ಶಾಣ್ಯಾ ಆಗುತ್ತದೆ ಎಂಬುದು ಖರೆ ಅಲ್ಲ. ಹಾಗಾಗಿ ನಳದ ಹತ್ತಿರ ಯಾರಾದರೂ ಹೋಲಿಸಿ ಮಾತಾಡಿದರೆ ಈ ಲೆಕ್ಕ ಹೇಳಿರಿ.

ಅಂಬೆಗಾಲಿನ ಮಾತು ಇನ್ನೂ ಮಜಾ ಇದೆ. ಆ ಲೆಕ್ಕದಲ್ಲಿ ನೂರಕ್ಕೆ ನಾಲ್ಕು ಕೂಸುಗಳು ಅಂಬೆಗಾಲು ಇಡಲೇ ಇಲ್ಲ. ಕುಂತಲ್ಲೇ ಸರಿದವು, ಇಲ್ಲವೇ ಎದ್ದು ನಿಂತು ನಡೆದೇ ಬಿಟ್ಟವು. ಆದ್ದರಿಂದ ಅಂಬೆಗಾಲು ಇಡಲಿಲ್ಲ ಎಂದು ಹೆದರಬೇಕಿಲ್ಲ. ಉಳಿದದ್ದು ಸರಿಯಾಗಿ ನಡೆದಿದೆಯೇ ನೋಡಿದರೆ ಸಾಕು.

ಆದರೆ ಕೊನೆಯ ಗೆರೆ ನೆನಪಿಡಿರಿ. ಒಂಬತ್ತು ತಿಂಗಳು ಮುಗಿದರೂ ಕೂಡಲಿಲ್ಲ, ಒಂದೂವರೆ ವರ್ಷ ಮುಗಿದರೂ ನಡೆಯಲಿಲ್ಲ ಎಂದರೆ ಇನ್ನು ಕಾಯಬಾರದು. ಆಗ ಅತ್ತೆಯ ಮಾತಿಗೆ "ಹೌದ್ರಿ ಅತ್ತೀ, ಆದ್ರೂ ಒಮ್ಮೆ ತೋರಿಸ್ಕೊಂಡು ಬರೂನು" ಎಂದು ಹೇಳಿ ಹೊರಡಬೇಕು.

ಮೊದಲೆಲ್ಲ ಕೂಸು ನಡೆಯದಿದ್ದರೆ ಪೋಲಿಯೋ ಎಂಬ ಹೆದರಿಕೆ ಇತ್ತು. ನಮ್ಮ ದೇಶದಲ್ಲಿ ಆ ರೋಗ ತಾನಾಗಿ ಹರಡಿದ್ದು 2011ರ ಜನವರಿಗೆ ಕೊನೆ. 2014ರಲ್ಲಿ ಭಾರತ ಪೋಲಿಯೋ ಇಲ್ಲದ ದೇಶ ಆಯಿತು. ಮನೆ ಮನೆಗೆ ಬಂದು ಹನಿ ಹಾಕಿದ್ದರಿಂದ ಇದು ಆಯಿತು. ಈಗ ಕೂಸು ನಡೆಯದಿದ್ದರೆ ಬೇರೆ ಕಾರಣ ಹುಡುಕಬೇಕು. ಹುಟ್ಟಿದಾಗ ಕೂಸು ತಡವಾಗಿ ಅತ್ತಿತ್ತೇ? ಹುಟ್ಟಿದ ವಾರದಲ್ಲಿ ಕಾಮಾಲೆ ಜೋರಾಗಿತ್ತೇ? ದಿನ ತುಂಬದೆ, ಬಹಳ ಸಣ್ಣದಾಗಿ ಹುಟ್ಟಿತ್ತೇ? ಅಂಥ ಕೂಸುಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಮೈ ಬಹಳ ಬಿಗಿ ಇದೆಯೇ, ಇಲ್ಲವೇ ಬಟ್ಟೆ ಗೊಂಬೆ ಹಾಗೆ ಸಡಿಲ ಇದೆಯೇ, ಒಂದೇ ಕೈ ಬಳಸುತ್ತದೆಯೇ ನೋಡಬೇಕು. ಒಂದು ವರ್ಷದ ಒಳಗೆ ಕೂಸು ಎಡಚ ಬಲಚ ಎಂದು ಇರುವುದಿಲ್ಲ, ಎರಡೂ ಕೈ ಬಳಸುತ್ತದೆ. ಒಂದೇ ಕೈ ಬಳಸಿದರೆ ಇನ್ನೊಂದು ಕೈಗೆ ಶಕ್ತಿ ಕಡಿಮೆ ಇರಬಹುದು.

ಝೋಳಿಯ ಕೂಸು

ಹೊಲದ ಕೆಲಸಕ್ಕೆ ಹೋಗುವ ತಾಯಂದಿರು ಏನು ಮಾಡಬೇಕು? ಡಾಬಕಾ, ಔರಾದ, ಭಾಲ್ಕಿ ಕಡೆಯ ಹೊಲಗಳಲ್ಲಿ ಸೋಯಾ ಕಳೆ ತೆಗೆಯುವಾಗ, ಹೆಸರು ಬಿಡಿಸುವಾಗ, ಗಿಡಕ್ಕೆ ಸೀರೆಯ ಝೋಳಿ ಕಟ್ಟಿ ಕೂಸು ಮಲಗಿಸುತ್ತೇವೆ. ಬಿಸಿಲು ತಾಗುವುದಿಲ್ಲ. ಇರುವೆ, ಚೇಳು, ಹಾವಿನ ಭಯ ಇಲ್ಲ. ಇದು ಒಳ್ಳೆಯ ಉಪಾಯವೇ.

ಆದರೆ ಝೋಳಿಯಲ್ಲಿ ಕೂಸು ಬೋರಲು ಬೀಳಲು ಆಗುವುದಿಲ್ಲ. ಕೈ ಊರಲು ಆಗುವುದಿಲ್ಲ. ಸುತ್ತ ಬಟ್ಟೆ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ದಿನವಿಡೀ ಅಲ್ಲೇ ಇದ್ದರೆ ಕುತ್ತಿಗೆಗೆ, ಬೆನ್ನಿಗೆ ಶಕ್ತಿ ಬರುವುದು ತಡವಾಗುತ್ತದೆ. ನಿದ್ದೆಗೆ ಝೋಳಿ ಇರಲಿ. ಎದ್ದ ಮೇಲೆ ಕೌದಿ ಹಾಸಿ ನೆಲದ ಮೇಲೆ ಬಿಡಬೇಕು. ಎಚ್ಚರ ಇದ್ದಾಗ, ನೀವು ಎದುರಿಗೆ ಇದ್ದಾಗ, ದಿನಕ್ಕೆ ಎರಡು ಮೂರು ಸಲ ಹೊಟ್ಟೆಯ ಮೇಲೆ ಮಲಗಿಸಬೇಕು. ಮುಂದೆ ಒಂದು ಬಟ್ಟಲು ಇಟ್ಟರೆ ಅದನ್ನು ಹಿಡಿಯಲು ತಲೆ ಎತ್ತುತ್ತದೆ, ಮೈ ಎಳೆಯುತ್ತದೆ. ನಿದ್ದೆ ಮಾಡುವಾಗ ಮಾತ್ರ ಅಂಗಾತ ಮಲಗಿಸಬೇಕು, ಬೋರಲು ಬೇಡ.

ಹೊಲದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು ಇದಕ್ಕೆ ಚಲೋ. ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿ ಕುಂತಿರುತ್ತಾರೆ. ಕೂಸು ನಡುವೆ ಹೊರಳಾಡುತ್ತದೆ.

ನಡೆಯಲು ಕಲಿಸಲು ಕೆಲವರು ಪೇಟೆಯಿಂದ ವಾಕರ್ ತರುತ್ತಾರೆ. ಕೂಸನ್ನು ನಡುವೆ ಕೂಡಿಸಿ ಬಿಡುವ ಗಾಲಿಯ ಕುರ್ಚಿ ಅದು. ದುಡ್ಡು ಹಾಳು. ಅದರಿಂದ ಕೂಸು ಬೇಗ ನಡೆಯುವುದಿಲ್ಲ, ಬದಲಿಗೆ ತಡವಾಗಬಹುದು. ಹೊಸ್ತಿಲು ದಾಟಿ ಉರುಳುತ್ತದೆ, ಒಲೆಯ ಹತ್ತಿರ ಹೋಗುತ್ತದೆ. ಕೆನಡಾ ದೇಶದಲ್ಲಿ 2004ರಲ್ಲಿ ಅದನ್ನು ಮಾರುವುದನ್ನೇ ನಿಲ್ಲಿಸಿದರು. ನಮ್ಮ ಬಡಗಿ ಮಾಡಿಕೊಡುವ ಮೂರು ಗಾಲಿಯ ಕಟ್ಟಿಗೆ ಗಾಡಿ ಬೇರೆ. ಮರಾಠಿ ಮನೆಗಳಲ್ಲಿ ಅದಕ್ಕೆ ಪಾಂಗುಳಗಾಡಾ ಅಂತಾರೆ. ಅದರಲ್ಲಿ ಕೂಸು ತನ್ನ ಕಾಲ ಮೇಲೆ ತಾನು ನಿಂತು, ತಾನೇ ದೂಡಬೇಕು. ಹಿರಿಯರು ಹತ್ತಿರ ಇದ್ದರೆ ಅದು ಇರಲಿ.

ಕೈ ಮತ್ತು ಹಲ್ಲು

ಐದಾರು ತಿಂಗಳಿಗೆ ಕೂಸು ಕಂಡದ್ದಕ್ಕೆಲ್ಲ ಕೈ ಚಾಚುತ್ತದೆ, ಬಾಯಿಗೆ ಒಯ್ಯುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದು ಜೋಳದ ಕಾಳು ಎತ್ತುತ್ತದೆ. ಚಂದದ ನೋಟ ಅದು. ಆದರೆ ಅದೇ ದಿನದಿಂದ ಮನೆಯ ನೆಲ ಗುಡಿಸುವುದು ಹೆಚ್ಚು ಮಾಡಬೇಕು. ಕಡಲೆ, ಶೇಂಗಾ, ಗುಂಡಿ, ಪೈಸೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ.

ಹಲ್ಲು ಆರು ತಿಂಗಳ ಸುಮಾರಿಗೆ ಬರುತ್ತದೆ. ಕೆಲವರಿಗೆ ವರ್ಷ ಆಗುತ್ತದೆ. ತಡ ಎಂದು ಚಿಂತೆ ಬೇಡ. ಮೂರು ವರ್ಷದ ಒಳಗೆ ಇಪ್ಪತ್ತು ಹಲ್ಲು ಬರುತ್ತವೆ. "ಹಲ್ಲು ಬರಾಕ ಭೇದಿ ಆಗ್ಯಾದ" ಎಂದು ಸುಮ್ಮನೆ ಕೂಡುವುದು ಮಾತ್ರ ತಪ್ಪು. ಭೇದಿ ಬರುವುದು ಹೊಲಸು ಕೈ, ಹೊಲಸು ನೀರಿನಿಂದ. ನೆತ್ತಿ ಒಳಗೆ ಕುಸಿದಿದ್ದರೆ ಮೈಯ ನೀರು ಹೋಗಿದೆ ಎಂದು ತಿಳಿಯಿರಿ. ಓಆರ್‌ಎಸ್ ಕುಡಿಸುತ್ತ ದವಾಖಾನೆಗೆ ಓಡಬೇಕು.

ಮಾತು ಬರಬೇಕಾದರೆ ಕಿವಿ ಕೇಳಬೇಕು

ಈ ಮಾತನ್ನು ಜರಾ ನಿಧಾನವಾಗಿ ಓದಿರಿ. ಎಲ್ಲಕ್ಕಿಂತ ಹೆಚ್ಚು ತಾಯಂದಿರು ಮೋಸ ಹೋಗುವುದು ಇಲ್ಲಿಯೇ.

ಕಿವಿ ಕೇಳದ ಕೂಸು ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳ ಹಾಗೆಯೇ ದನಿ ಮಾಡುತ್ತದೆ. ನಗುತ್ತದೆ, ಅಳುತ್ತದೆ, "ಊಂ, ಆ" ಅನ್ನುತ್ತದೆ. ಆರು ತಿಂಗಳ ಮೇಲೆ ಉಳಿದ ಕೂಸುಗಳು "ಬಾಬಾಬಾ", "ಮಾಮಾಮಾ" ಎಂದು ಸಾಲು ಹಿಡಿಯುತ್ತವೆ. ಕಿವಿ ಕೇಳದ ಕೂಸು ಆಗ ಮೆಲ್ಲಗೆ ಮೌನ ಆಗುತ್ತದೆ. ಮನೆಯವರು "ಶಾಂತ ಕೂಸು, ಕಾಡಿಸೋದಿಲ್ಲ" ಎಂದು ಖುಷಿ ಪಡುತ್ತಾರೆ.

ಇನ್ನು ಪರೀಕ್ಷೆ ಮಾಡುತ್ತೇವೆ. ಕೂಸಿನ ಹಿಂದೆ ತಾಟು ಬೀಳಿಸುತ್ತೇವೆ. ಕೂಸು ತಿರುಗುತ್ತದೆ. "ಕೇಳಿಸ್ತದ!" ಅಂತೇವೆ. ಆದರೆ ತಾಟು ಬಿದ್ದರೆ ನೆಲ ನಡುಗುತ್ತದೆ. ಅದು ಕೂಸಿನ ಮೈಗೆ ತಿಳಿಯುತ್ತದೆ. ಇಲ್ಲವೇ ನಿಮ್ಮ ನೆರಳು ಕಾಣುತ್ತದೆ. ಹೀಗೆ ಮಾಡಿ ನೋಡಿರಿ. ಕೂಸು ಒಬ್ಬರ ತೊಡೆಯ ಮೇಲೆ ಇರಲಿ. ನೀವು ಅದರ ಹಿಂದೆ, ಕಣ್ಣಿಗೆ ಬೀಳದ ಹಾಗೆ ನಿಂತು, ಮೆಲ್ಲಗೆ ಗಿಲಕಿ ಆಡಿಸಿರಿ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಆರೇಳು ತಿಂಗಳ ಕೂಸು ದನಿ ಬಂದ ಕಡೆ ತಿರುಗಬೇಕು. ಎರಡು ಮೂರು ದಿನ ಮಾಡಿ ನೋಡಿದರೂ ತಿರುಗದಿದ್ದರೆ ಕಿವಿ ತೋರಿಸಬೇಕು. ತಿರುಗಿದರೂ ನಿಮ್ಮ ಮನಸ್ಸಿಗೆ ಅನುಮಾನ ಇದ್ದರೆ ತೋರಿಸಬೇಕು. ದವಾಖಾನೆಯಲ್ಲಿ ಕಿವಿಯೊಳಗೆ ಒಂದು ಸಣ್ಣ ಬೂಚು ಇಟ್ಟು ಯಂತ್ರದಿಂದ ನೋಡುತ್ತಾರೆ. ನೋವಿಲ್ಲ. ಕೂಸು ಮಲಗಿದ್ದಾಗಲೇ ಮಾಡುತ್ತಾರೆ. ಹುಟ್ಟಿದ ಕೂಸಿಗೂ ಮಾಡಬಹುದು.

ಅಕ್ಕನ ಮಗಳು, ಸೋದರಮಾವ ಎಂದು ಹತ್ತಿರದ ಸಂಬಂಧದಲ್ಲಿ ಲಗ್ನ ಆದವರ ಕೂಸುಗಳಿಗೆ ಕಿವಿಯ ತೊಂದರೆ ಬರುವುದು ಉಳಿದವರಿಗಿಂತ ಹೆಚ್ಚು. ಅಂಥ ಮನೆಯಲ್ಲಿ ಕೂಸು ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸುವುದು ಜಾಣತನ. ಆರು ತಿಂಗಳ ಒಳಗೆ ಗೊತ್ತಾಗಿ ಕಿವಿಗೆ ಮಿಷನ್ ಹಾಕಿದರೆ ಬಹಳ ಕೂಸುಗಳು ಮಾತು ಕಲಿಯುತ್ತವೆ. ನಾಲ್ಕು ವರ್ಷಕ್ಕೆ ಗೊತ್ತಾದರೆ ಮಾತು ಕಲಿಸುವುದು ಬಹಳ ಕಷ್ಟ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂದು ಇದೆ. 1965ರಲ್ಲಿ ಶುರು ಆಯಿತು. ಕಿವಿ ಮತ್ತು ಮಾತಿನ ಕೆಲಸಕ್ಕೇ ಇರುವ ಸಂಸ್ಥೆ ಅದು.

ಕಿವಿ ಸರಿ ಇದ್ದರೆ ಮಾತು ಹೀಗೆ ಬರುತ್ತದೆ. ವರ್ಷಕ್ಕೆ ಅವ್ವ, ಅಪ್ಪ ಎಂದು ಒಂದೆರಡು ಮಾತು. ಒಂದೂವರೆ ವರ್ಷಕ್ಕೆ ಹತ್ತರಷ್ಟು ಮಾತು. ಎರಡು ವರ್ಷಕ್ಕೆ ಎರಡು ಮಾತು ಜೋಡಿಸುತ್ತದೆ. "ಅವ್ವ ಬಾ", "ನೀರು ಕೊಡು", "ಅಪ್ಪ ಹ್ವಾದ". ಮೂರು ವರ್ಷಕ್ಕೆ ತಲೆ ತಿನ್ನುತ್ತದೆ!

"ಗಂಡು ಹುಡುಗರು ತಡಾನೇ ಮಾತಾಡ್ತಾರ" ಎಂಬ ಮಾತು ಉಂಟು. ಸ್ವಲ್ಪ ಖರೆ, ಆದರೆ ಫರಕು ಒಂದೆರಡು ತಿಂಗಳಷ್ಟೇ. ಆ ಮಾತು ಹಿಡಿದು ಮೂರು ವರ್ಷ ಕಾಯಬಾರದು. ಹೆಣ್ಣು ಕೂಸು ಮಾತಾಡದಿದ್ದರೆ "ಇರಲಿ ಬಿಡು, ಸುಮ್ಮನಿರೋದೇ ಚಂದ" ಅನ್ನುವ ಮನೆಯೂ ಉಂಟು. ಅದೂ ಸಲ್ಲದು.

ನಮ್ಮ ಬೀದರ ಸೀಮೆಯಲ್ಲಿ ಇನ್ನೊಂದು ಚಿಂತೆ ಇದೆ. ಮನೆಯಲ್ಲಿ ಕನ್ನಡ. ಸೊಸೆ ಉದಗೀರ ಕಡೆಯವಳು, ಮರಾಠಿ ಮಾತಾಡುತ್ತಾಳೆ. ಓಣಿಯಲ್ಲಿ ಉರ್ದು. ದುಡಿಯಲು ಹೈದರಾಬಾದಿಗೆ ಹೋದರೆ ತೆಲುಗು. ತಾಂಡಾದ ಮನೆಯಲ್ಲಿ ಲಂಬಾಣಿ ಮಾತು. "ಇಷ್ಟೆಲ್ಲ ಭಾಷೆ ಕೇಳಿ ಕೂಸಿಗೆ ಗಲಿಬಿಲಿ ಆಗ್ಯಾದ, ಅದಕ್ಕೇ ಮಾತು ಬಂದಿಲ್ಲ" ಅಂತಾರೆ. ಹಾಗೆ ಆಗುವುದಿಲ್ಲ. ಕೂಸಿನ ಮಿದುಳಿಗೆ ಎರಡು ಮೂರು ಭಾಷೆ ಭಾರ ಅಲ್ಲ. ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಮಾತನ್ನೂ ಕೂಡಿಸಬೇಕು. ಕೂಸು "ನೀರು" ಎಂದರೂ ಒಂದು ಮಾತು, "ಪಾಣಿ" ಎಂದರೂ ಒಂದು ಮಾತು. ಆ ತಾಯಿ ತನ್ನ ಮರಾಠಿಯನ್ನು ಬಿಡಬೇಕಿಲ್ಲ. ತನಗೆ ಯಾವ ಮಾತು ಸಲೀಸೋ ಅದರಲ್ಲೇ ಕೂಸಿನ ಜೊತೆ ಮಾತಾಡಲಿ. ಎಲ್ಲ ಭಾಷೆ ಕೂಡಿಸಿದರೂ ಮಾತು ಕಡಿಮೆ ಇದ್ದರೆ ಆಗ ಭಾಷೆಯ ಮೇಲೆ ತಪ್ಪು ಹೊರಿಸದೆ ದಾಕ್ತರಿಗೆ ತೋರಿಸಬೇಕು.

ಮೊಬೈಲು ಕೂಸಿಗೆ ಮಾತು ಕಲಿಸುವುದಿಲ್ಲ. ಅದರಲ್ಲಿ ಹಾಡು ಬರುತ್ತದೆ, ಬಣ್ಣ ಬರುತ್ತದೆ. ಆದರೆ ಕೂಸು "ಆ" ಎಂದರೆ ಅದು ತಿರುಗಿ "ಆ" ಅನ್ನುವುದಿಲ್ಲ. ಎರಡು ವರ್ಷದ ತನಕ ಮೊಬೈಲು, ಟೀವಿ ತೋರಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತುತ್ತು ಉಣಿಸಲು ಮೊಬೈಲು ಹಿಡಿಯುವ ರೂಢಿ ಈಗ ಹಳ್ಳಿಗೂ ಬಂದಿದೆ. ಕಾಗೆ ಗುಬ್ಬಿ ತೋರಿಸಿ ಉಣಿಸುವುದೇ ಲೇಸು.

ಹಟ, ಅಳು, ಅಂಜಿಕೆ

ಎಂಟು ಒಂಬತ್ತು ತಿಂಗಳಿಗೆ ಒಂದು ಬದಲಾವಣೆ ಕಾಣುತ್ತದೆ. ಮೊನ್ನೆಯ ತನಕ ಎಲ್ಲರ ಹತ್ತಿರ ಹೋಗುತ್ತಿದ್ದ ಕೂಸು ಈಗ ಹೊಸಬರನ್ನು ಕಂಡರೆ ಚೀರುತ್ತದೆ. ನೀವು ಹೊರಗೆ ಹೋದರೆ ಅಳುತ್ತದೆ. ಊರಿನಿಂದ ಬಂದ ಮಾವಶಿ ಎತ್ತಿಕೊಳ್ಳಲು ಹೋಗಿ ಬೇಸರ ಮಾಡಿಕೊಳ್ಳುತ್ತಾಳೆ. "ದೃಷ್ಟಿ ಆಗ್ಯಾದ" ಎಂದು ಉಪ್ಪು ಮೆಣಸಿನಕಾಯಿ ಇಳಿಸುತ್ತಾರೆ. ಇದು ದೃಷ್ಟಿ ಅಲ್ಲ, ಬುದ್ಧಿ ಬೆಳೆದ ಗುರುತು. ತನ್ನವರು ಯಾರು, ಹೊರಗಿನವರು ಯಾರು ಎಂದು ಕೂಸಿಗೆ ಈಗ ತಿಳಿದಿದೆ. ಮಾವಶಿಗೆ ಚಹಾ ಕೊಟ್ಟು ಕೂಡಿಸಿರಿ. ಹತ್ತು ಹದಿನೈದು ನಿಮಿಷ ನಿಮ್ಮ ತೊಡೆಯ ಮೇಲಿಂದ ನೋಡಿ ನೋಡಿ ಕೂಸೇ ಹತ್ತಿರ ಹೋಗುತ್ತದೆ.

ಸೆರಗು ಮುಚ್ಚಿ ತೆಗೆದು ಆಡಿಸುವ ಆಟ ಈ ವಯಸ್ಸಿಗೆ ಬಹಳ ಇಷ್ಟ. ಕಾಣದಿದ್ದರೂ ಅವ್ವ ಇದ್ದಾಳೆ ಎಂದು ಅದು ಕಲಿಯುತ್ತಿರುತ್ತದೆ.

ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಟಾಟಾ ಮಾಡಬೇಕು. ಒಂದು ವರ್ಷ ದಾಟಿದ ಮೇಲೆ ಬೇಕಾದದ್ದಕ್ಕೆ ಬೆರಳು ತೋರಿಸುತ್ತದೆ. ಅಷ್ಟೇ ಅಲ್ಲ, ಚಂದ್ರನನ್ನೋ ಎಮ್ಮೆಯನ್ನೋ ತೋರಿಸಿ ನಿಮ್ಮ ಮುಖ ನೋಡುತ್ತದೆ. "ನೋಡಿದೆಯಾ?" ಎಂದು ಕೇಳುವ ಹಾಗೆ. ಇದು ಬಹಳ ದೊಡ್ಡ ಗುರುತು. ಒಂದೂವರೆ ವರ್ಷ ಆದರೂ ಬೆರಳು ತೋರಿಸುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಒಬ್ಬನೇ ಒಂದೇ ಗಾಲಿ ತಿರುಗಿಸುತ್ತ ಕೂಡುತ್ತಾನೆ ಎಂದರೆ ಆಟಿಸಂ ಎಂಬ ತೊಂದರೆ ಇರಬಹುದು. ಇದು ತಾಯಿಯ ತಪ್ಪಿನಿಂದ ಬರುವುದಿಲ್ಲ. ಬೇಗ ತೋರಿಸಿದರೆ ಮಾತು, ಆಟ, ಕೂಡಿ ಇರುವುದು ಎಷ್ಟೋ ಕಲಿಸಬಹುದು.

ಒಂದೂವರೆ ವರ್ಷದಿಂದ ಮೂರು ವರ್ಷದ ತನಕ ಹಟದ ಕಾಲ. "ನಂದು", "ಒಲ್ಲೆ" ಎಂಬ ಎರಡು ಮಾತೇ ಹೆಚ್ಚು. ಸಂತೆಯಲ್ಲಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಮನಸ್ಸಿನಲ್ಲಿ ಬೇಕಾದಷ್ಟು ಇದೆ, ಹೇಳಲು ಮಾತು ಸಾಲದು. ಅದಕ್ಕೇ ಸಿಟ್ಟು. ಹೊಡೆದರೆ ಹೊಡೆಯುವುದನ್ನು ಕಲಿಯುತ್ತದೆ. "ಗುಮ್ಮ ಬರ್ತಾನ", "ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸಿದರೆ ದವಾಖಾನೆಗೆ ಹೋದಾಗ ನಿಮಗೇ ಕಷ್ಟ. ಪೆಟ್ಟಾಗದ ಹಾಗೆ ನೋಡಿಕೊಂಡು ಸುಮ್ಮನೆ ಹತ್ತಿರ ಇರಿರಿ. ಅಳು ಇಳಿದ ಮೇಲೆ ಎತ್ತಿಕೊಳ್ಳಿರಿ. ಎರಡು ಮೂರು ವರ್ಷಕ್ಕೆ ಹೊರಗೆ ಹೋಗಬೇಕು ಎಂದು ಹೇಳಲು ಕಲಿಯುತ್ತದೆ. ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಐದು ವರ್ಷದ ತನಕ ನಡೆಯುತ್ತದೆ. ಅದಕ್ಕೆ ಬೈದು ನಾಚಿಸುವುದು ಬೇಡ.

ಕಲಿತದ್ದು ಮರೆತರೆ

ತಡವಾಗಿ ಕಲಿಯುವುದು ಒಂದು. ಕಲಿತದ್ದನ್ನು ಬಿಡುವುದು ಬೇರೆ. ನಗುತ್ತಿದ್ದ ಕೂಸು ನಗುವುದು ಬಿಟ್ಟರೆ, ಕೂಡುತ್ತಿದ್ದದ್ದು ಕೂಡದಿದ್ದರೆ, ಮಾತಾಡುತ್ತಿದ್ದದ್ದು ಮೌನ ಆದರೆ, ಯಾವ ವಯಸ್ಸೇ ಇರಲಿ, ಅದೇ ವಾರ ದಾಕ್ತರಿಗೆ ತೋರಿಸಬೇಕು.

ಇದಕ್ಕೆ ಒಂದು ಕಾರಣ ಸುಲಭವಾಗಿ ವಾಸಿ ಆಗುವಂಥದು. ತಾಯಿ ಬಸುರಿ ಬಾಣಂತಿ ಇದ್ದಾಗ ಹಾಲು, ಮೊಸರು, ತತ್ತಿ, ಮಾಂಸ ಏನೂ ತಿನ್ನದಿದ್ದರೆ ಬಿ-12 ಎಂಬ ಜೀವಸತ್ವ ಕಡಿಮೆ ಆಗುತ್ತದೆ. ಆಗ ಅವಳ ಹಾಲಿನಲ್ಲೂ ಕಡಿಮೆ. ಆರು ತಿಂಗಳ ಮೇಲೂ ಕೂಸಿಗೆ ಬರೀ ಮೊಲೆಹಾಲೇ ಕೊಟ್ಟರೆ ಕೂಸು ಮಂಕಾಗುತ್ತದೆ. ಬೆರಳ ಗೆಣ್ಣು ಕಪ್ಪಾಗುತ್ತವೆ. ಕೂದಲು ಕೆಂಚಾಗಿ ವಿರಳ ಆಗುತ್ತದೆ. ಬೇಗ ಗೊತ್ತಾದರೆ ಔಷಧದಿಂದ ಕೂಸು ಮತ್ತೆ ಚೇತರಿಸುತ್ತದೆ. ಬಾಣಂತಿಗೆ ಬರೀ ಅನ್ನ ಸಾರು ಕೊಡುವ ಮನೆಯವರು ಇದನ್ನು ಕೇಳಬೇಕು. ಕೂಸಿಗೂ ಆರು ತಿಂಗಳು ತುಂಬಿದ ಮೇಲೆ ಮೊಲೆಹಾಲಿನ ಜೊತೆ ಮೆತ್ತಗಿನ ಅನ್ನ ಬ್ಯಾಳಿ, ತತ್ತಿ, ಹಣ್ಣು ಶುರು ಮಾಡಬೇಕು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ಪು, ಒಂದೊಂದು ಮಿಲಿ, ಸರ್ಕಾರದಿಂದ ಕೊಡುತ್ತಾರೆ. ಆಶಾ ಅಕ್ಕನನ್ನು ಕೇಳಿರಿ.

ಎಲ್ಲಿಗೆ ಹೋಗಬೇಕು?

ಮೊದಲು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರು ಆಯಿತು. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಹಳ್ಳಿ ಹಳ್ಳಿಗೂ ಬಂದಿದೆ. ಅಲ್ಲಿ ಪ್ರತಿ ತಿಂಗಳು ಕೂಸಿನ ತೂಕ ಮಾಡಿಸಿರಿ. ಆಶಾ ಅಕ್ಕ ಬಾಣಂತನದಲ್ಲಿ ಮನೆಗೆ ಬರುತ್ತಾಳೆ. ಆಮೇಲೆ ಕೂಸಿಗೆ 3, 6, 9, 12, 15 ತಿಂಗಳು ಆದಾಗಲೂ ಬರಬೇಕು. ಬಂದಾಗ ನಿಮ್ಮ ಅನುಮಾನ ಹೇಳಿರಿ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಆಯಿತು. ದಾಕ್ತರರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ತೊಂದರೆ ಕಂಡರೆ ದೊಡ್ಡ ದವಾಖಾನೆಗೆ ಚೀಟಿ ಬರೆದು ಕೊಡುತ್ತಾರೆ. ಪರೀಕ್ಷೆ, ಇಲಾಜು ಪುಕ್ಕಟೆ. ತಂಡ ಬರುವ ದಿನ ಮೊದಲೇ ಕೇಳಿಕೊಂಡು, ಆ ದಿನ ಕೂಸನ್ನು ಹೊಲಕ್ಕೆ ಒಯ್ಯದೆ ಅಂಗನವಾಡಿಗೆ ಕರೆದೊಯ್ಯಬೇಕು. ಅಂಗನವಾಡಿಗೆ ಇನ್ನೂ ಹೋಗದ ಸಣ್ಣ ಕೂಸನ್ನೂ ಒಯ್ಯಬಹುದು.

ದಾಕ್ತರರ ಮುಂದೆ ಕುಂತಾಗ ಹೇಳಬೇಕಾದದ್ದು ಮರೆತುಹೋಗುತ್ತದೆ. ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯಲ್ಲೇ ಬರೆದಿಡಿರಿ. "ನಕ್ಕಿತು." "ಬೋರಲು ಬಿತ್ತು." "ತಾನೇ ಕುಂತಿತು." ಒಂದೊಂದೇ ಮಾತು ಸಾಕು, ಅಕ್ಷರ ಸೊಟ್ಟ ಇದ್ದರೂ ನಡೆಯುತ್ತದೆ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರ್ ರದ್ದಿಗೆ ಹಾಕಬೇಡಿರಿ. ದವಾಖಾನೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಅದನ್ನೂ ಸುತ್ತಿ ಒಯ್ಯಿರಿ. ದಾಕ್ತರರು ಕೇಳುವ ಮೊದಲ ಮಾತೇ "ಯಾವಾಗ ಕುತ್ತಿಗೆ ನಿಂತಿತು, ಯಾವಾಗ ಕುಂತಿತು?" ಎಂದು ಇರುತ್ತದೆ.